ಒದ್ದೆ ಚಡ್ಡಿಯ ವಯಸ್ಸಿನವರ ಜೊತೆ

ಕೆಲಸ ಬಿಟ್ಟು ಕಾಪುವಿನ ಮನೆಯಲ್ಲಿ ಕುಳಿತ ಮೇಲೆ ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಮೊನ್ನೆಯೂ ಹಾಗೆಯೇ ಆಯಿತು. ನಾನಿದ್ದ ಮಣಿಪಾಲದ ಡೇ ಕೇರ್‌ಗೆ ಹೊಸದಾಗಿ ಸೇರಿದ ಅಕ್ಷತಾ ಎಂಬ ಹುಡುಗಿ, ಮಧ್ಯಾಹ್ನ ಮಕ್ಕಳು ಮಲಗಿದ ಹೊತ್ತು ನೋಡಿ, ಪಿಸುಮಾತಿನಲ್ಲಿ ಕೇಳಿದಳು.

“ಜಲಜಕ್ಕ, ಎರಡು ವರ್ಷ ತುಂಬಿದ ಕೂಡಲೇ ಡಯಾಪರ್ ಬಿಡಿಸಿ ಅಂತ ಒಂದು ಮಗುವಿನ ಅಮ್ಮ ಹೇಳ್ತಾರೆ. ಮೂರರ ತನಕ ಮುಟ್ಟಲೇಬೇಡಿ ಅಂತ ಇನ್ನೊಂದರ ಅಮ್ಮ. ಯಾವುದು ಸರಿ? ಎಷ್ಟು ವರ್ಷಕ್ಕೆ ಅಂತ ಒಂದು ಲೆಕ್ಕ ಉಂಟಾ?”

“ಲೆಕ್ಕ ಇದ್ದಿದ್ದರೆ ನಿನ್ನನ್ನು ಯಾಕೆ ಇಟ್ಟುಕೊಳ್ಳುವುದು ಮಾರಾಯ್ತಿ? ಗೋಡೆಗೊಂದು ಕ್ಯಾಲೆಂಡರ್ ಸಾಕಿತ್ತು,” ಎಂದೆ.

ನಕ್ಕಳು. ಅಷ್ಟರಲ್ಲಿ ಯಾವುದೋ ಮಗು ಎದ್ದು ಅತ್ತಿತು, ಫೋನ್ ಇಟ್ಟಳು. ಹೇಳಬೇಕೆಂದಿದ್ದದ್ದೆಲ್ಲ ನನ್ನ ಬಾಯಲ್ಲೇ ಉಳಿಯಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಕೆಲಸ ಶುರುವಾದದ್ದು ಕಾರ್ಕಳದ ಒಂದು ಗೇರುಬೀಜದ ಕಾರ್ಖಾನೆಯಲ್ಲಿ. ಬೀಜ ಸುಲಿಯುವ ಹೆಂಗಸರ ಮಕ್ಕಳನ್ನು ನೋಡಿಕೊಳ್ಳಲು ಹೆಂಚಿನ ಶೆಡ್ಡಿನ ಒಂದು ತುದಿಗೆ ಗೋಡೆ ಎಬ್ಬಿಸಿ ಕೋಣೆ ಮಾಡಿದ್ದರು. ಒಳಗೆ ಸಾಲಾಗಿ ಹಳೆಯ ಸೀರೆಯ ತೊಟ್ಟಿಲುಗಳು. ಅಂಗಳದ ಈ ಕೊನೆಯಿಂದ ಆ ಕೊನೆಗೆ ಕಟ್ಟಿದ ಹಗ್ಗದ ಮೇಲೆ ಲಂಗೋಟಿಗಳು. ಗಾಳಿ ತಿರುಗಿದಾಗಲೆಲ್ಲ ಬೀಜ ಹುರಿಯುವ ಹೊಗೆ ಒಳಗೆ ನುಗ್ಗಿ, ಒಗೆದ ಬಟ್ಟೆಗೂ ಮಕ್ಕಳ ತಲೆಗೂದಲಿಗೂ ಅದೇ ವಾಸನೆ ಹತ್ತುತ್ತಿತ್ತು. ಈಗಲೂ ಎಲ್ಲಾದರೂ ಗೇರುಬೀಜ ಸುಡುವ ವಾಸನೆ ಬಂದರೆ ನನ್ನ ಮಡಿಲಲ್ಲಿ ಯಾವುದೋ ಮಗು ಮಲಗಿದೆ ಅನ್ನಿಸುತ್ತದೆ. ಹಾಲು ಕುಡಿಸಲು ಓಡಿ ಬರುವ ತಾಯಂದಿರ ಬೆರಳುಗಳು ಸಿಪ್ಪೆಯ ಎಣ್ಣೆ ತಾಗಿ ಕಪ್ಪಾಗಿರುತ್ತಿದ್ದವು. ಬೂದಿ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಆ ಬೆರಳಿನಿಂದ ಮಗುವಿನ ಕೆನ್ನೆ ಮುಟ್ಟಲು ಹೆದರಿ, ಮೊಣಕೈಯಿಂದಲೇ ಮುದ್ದು ಮಾಡುತ್ತಿದ್ದರು.

ಅಲ್ಲಿ ನನಗೆ ಕೆಲಸ ಕಲಿಸಿದವಳು ಕಮಲಕ್ಕ. ಡಯಾಪರ್ ಎಂಬ ಶಬ್ದವನ್ನೇ ನಾವು ಕೇಳಿರದ ಕಾಲ. ಮಗುವಿಗೆ ಕುತ್ತಿಗೆ ನಿಂತ ಮೇಲೆ ಕಮಲಕ್ಕ ಅಂಗಳದ ಬದಿಯಲ್ಲಿ ಕಾಲು ಚಾಚಿ ಕುಳಿತು, ಅದನ್ನು ತನ್ನ ಎರಡು ಪಾದಗಳ ಮೇಲೆ ಕೂರಿಸಿ, ಬಾಯಲ್ಲಿ “ಸ್ಸ್ಸ್” ಎನ್ನುತ್ತಿದ್ದಳು. ಮಗು ಮಾಡುತ್ತಿತ್ತು. ನಾನು ಕೂರಿಸಿದರೆ ಅದೇ ಮಗು ನನ್ನ ಮುಖ ನೋಡಿ ನಗುತ್ತಿತ್ತು. ಎತ್ತಿಕೊಂಡ ಕೂಡಲೇ ನನ್ನ ಸೀರೆ ಒದ್ದೆ.

“ನೀನು ಗಡಿಯಾರ ನೋಡ್ತಿ ಜಲಜ,” ಎಂದಳು ಒಮ್ಮೆ. “ಮಗುವನ್ನು ನೋಡು. ಆಡ್ತಾ ಆಡ್ತಾ ಸುಮ್ಮನಾಗ್ತದಲ್ಲ, ಆಗ ಎತ್ತು.”

ಅಂದಿನಿಂದ ನೋಡಲು ಕಲಿತೆ. ಒಂದು ಮಗು ಮಾತು ನಿಲ್ಲಿಸಿ ಗೋಡೆಯನ್ನೇ ದಿಟ್ಟಿಸುತ್ತಿತ್ತು. ಇನ್ನೊಂದು ಬಾಗಿಲ ಹಿಂದೆ ಹೋಗಿ ನಿಲ್ಲುತ್ತಿತ್ತು. ಮತ್ತೊಂದಕ್ಕೆ ಮೈ ಜುಮ್ಮೆಂದು ಭುಜ ಕುಣಿಯುತ್ತಿತ್ತು. ಅಷ್ಟೂ ಮಕ್ಕಳ ಗುರುತು ನನ್ನ ತಲೆಯಲ್ಲಿರುತ್ತಿತ್ತು. ಇಂಥ ವಿದ್ಯೆಗೂ ಸಂಬಳ ಕೊಡುತ್ತಾರಲ್ಲ ಎಂದು ನನ್ನ ತಮ್ಮ ತಮಾಷೆ ಮಾಡುತ್ತಿದ್ದ.

ಆ ಕಾರ್ಖಾನೆ ಮುಚ್ಚಿದ ಮೇಲೆ ಮಣಿಪಾಲಕ್ಕೆ ಬಂದೆ. ವಸುಧಾ ಮೇಡಂ ತಮ್ಮ ಮನೆಯ ಕೆಳಗಿನ ಅಂತಸ್ತಿನಲ್ಲಿ ಡೇ ಕೇರ್ ತೆರೆದಿದ್ದರು. ಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿದ್ದು ಕೆಲಸ ಬಿಟ್ಟವರು. ಬಿಳಿ ಕೂದಲನ್ನು ಬಿಗಿಯಾಗಿ ಕಟ್ಟಿ, ನೆಲದ ಮೇಲೆ ಮಕ್ಕಳ ಎತ್ತರಕ್ಕೆ ಕುಳಿತೇ ಮಾತಾಡುವವರು. ಅವರಲ್ಲಿಗೆ ಬರುವ ಮಕ್ಕಳು ಆಸ್ಪತ್ರೆಯ ಡಾಕ್ಟರರವು, ಕಾಲೇಜಿನ ಮೇಷ್ಟ್ರುಗಳವು, ನರ್ಸುಗಳವು. ಕೇರಳದವು, ದಿಲ್ಲಿಯವು, ಬಂಗಾಳದವು. ಎಲ್ಲವೂ ಡಯಾಪರ್ ಹಾಕಿಕೊಂಡೇ ಬರುವಂಥವು. ನನ್ನ ಹಳೆಯ ವಿದ್ಯೆ ಅರ್ಧ ಕೆಲಸಕ್ಕೆ ಬರಲಿಲ್ಲ. ಒದ್ದೆಯೇ ಗೊತ್ತಾಗದ ಮಗು ಸುಮ್ಮನಾಗುವುದಾದರೂ ಯಾಕೆ? ಆಡುತ್ತಲೇ ಮಾಡಿ, ಮಾಡುತ್ತಲೇ ಆಡುತ್ತದೆ.

ಆರಂಭದ ದಿನಗಳ ನನ್ನ ಎಡವಟ್ಟುಗಳನ್ನು ನೆನೆದರೆ ಈಗಲೂ ಒಬ್ಬಳೇ ನಗುತ್ತೇನೆ. ಮಲಯಾಳಿ ನರ್ಸ್ ಒಬ್ಬರ ಮಗಳು ಓಡಿ ಬಂದು ನನ್ನ ಸೆರಗು ಹಿಡಿದು “ಮುಳ್ಳಣಂ, ಮುಳ್ಳಣಂ” ಎಂದಿತು. ಪಾಪ, ಅಂಗಳದಲ್ಲಿ ಮುಳ್ಳು ಚುಚ್ಚಿರಬೇಕೆಂದು ಮಡಿಲಲ್ಲಿ ಕೂರಿಸಿ, ಎರಡೂ ಪಾದಗಳನ್ನು ಬೆಳಕಿಗೆ ಹಿಡಿದು ಹುಡುಕಿದೆ. ಮುಳ್ಳು ಸಿಗಲಿಲ್ಲ, ಮಡಿಲು ಬೆಚ್ಚಗಾಯಿತು. ಸಂಜೆ ಅದರ ತಾಯಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಅವರ ಭಾಷೆಯಲ್ಲಿ ಅದಕ್ಕೆ ಉಚ್ಚೆ ಬರುತ್ತದೆ ಎಂದು ಅರ್ಥವಂತೆ. ಮಗು ಸಿದ್ಧವಾಗಿತ್ತು, ಸಮಯಕ್ಕೆ ಸರಿಯಾಗಿ ಹೇಳಿಯೂ ಇತ್ತು. ಸಿದ್ಧಳಾಗದೆ ಇದ್ದವಳು ನಾನು. ಮರುದಿನದಿಂದ ಹೊಸ ಮಗು ಬಂದ ಕೂಡಲೇ ನಾನು ಕೇಳುವ ಮೊದಲ ಪ್ರಶ್ನೆ, ಮನೆಯಲ್ಲಿ ಒಂದಕ್ಕೆ, ಎರಡಕ್ಕೆ ಎಂತ ಹೇಳ್ತೀರಿ ಎಂಬುದಾಯಿತು.

ಇನ್ನೊಂದು ಸಲ ದುಬೈಯಿಂದ ಬಂದ ಅಪ್ಪ ಒಬ್ಬರು ಮಗನಿಗೆ ಹಾಡುವ ಪಾಟಿ, ಅಂದರೆ ಮಕ್ಕಳು ಕುಳಿತು ಒಂದಕ್ಕೆ, ಎರಡಕ್ಕೆ ಮಾಡುವ ಚಿಕ್ಕ ಪೀಠ, ತಂದುಕೊಟ್ಟರು. ನೀಲಿ ಬಣ್ಣದ್ದು, ಒಳಗೆ ನೀರು ಬಿದ್ದರೆ ಸಂಗೀತ ಬರುತ್ತದೆ. ಮಕ್ಕಳಿಗೆ ಗುಟ್ಟು ಗೊತ್ತಾಗಲು ಬಹಳ ಹೊತ್ತು ಹಿಡಿಯಲಿಲ್ಲ. ನಾನು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಎಲ್ಲರೂ ತಮ್ಮ ತಮ್ಮ ಕುಡಿಯುವ ನೀರಿನ ಬಾಟಲಿ ತಂದು ಸರದಿಯಲ್ಲಿ ಸುರಿದು ಹಾಡು ಕೇಳುತ್ತಿದ್ದರು. ಪಾಟಿಯ ಯಜಮಾನ ಮಾತ್ರ ದೂರ ನಿಂತು, ಒದ್ದೆ ಚಡ್ಡಿಯಲ್ಲಿ, ಚಪ್ಪಾಳೆ ತಟ್ಟುತ್ತಿದ್ದ.

ನಮ್ಮಲ್ಲಿ ಗುಡಿಸಿ ಒರೆಸುವ ಕೆಲಸಕ್ಕಿದ್ದವಳು ರೇಣವ್ವ. ಬಾದಾಮಿ ಕಡೆಯವಳು. ಗಂಡ ಹಾಸ್ಟೆಲ್ ಕಟ್ಟುವಲ್ಲಿ ಗಾರೆ ಕೆಲಸ ಮಾಡುತ್ತಿದ್ದ. ಅವಳ ಮಗಳು ಕಾಶವ್ವನನ್ನೂ ನಮ್ಮ ಮಕ್ಕಳ ಜೊತೆಯಲ್ಲೇ ಬಿಡಲು ಮೇಡಂ ಹೇಳಿದ್ದರು. ಆ ಹುಡುಗಿ ಒಂದು ದಿನವೂ ಚಡ್ಡಿ ಒದ್ದೆ ಮಾಡಿಕೊಂಡವಳಲ್ಲ. ಆದರೆ ಬಚ್ಚಲಿನ ಬಾಗಿಲಿಗೆ ಬಂದರೆ ಸಾಕು, ಕಂಬದಂತೆ ನಿಂತುಬಿಡುತ್ತಿದ್ದಳು.

“ಅಕ್ಕಾರ, ಇಕಿ ಒಳಗ ಹೋಗಾಕ ಅಂಜತಾಳ್ರಿ,” ಎಂದಳು ರೇಣವ್ವ. “ಆ ನೀರು ಭರ್ರಂತ ಬರತೈತಲ್ರಿ, ತನ್ನೂ ಎಳಕೊಂಡು ಹೋಕ್ಕತಿ ಅಂತಾಳ.”

ಫ್ಲಶ್ಶಿನ ಸದ್ದು. ನಮಗೆ ಹೊಳೆದಿರಲೇ ಇಲ್ಲ. ಅಂದಿನಿಂದ ಮಗು ಹೊರಗೆ ಬಂದು ಕೈ ತೊಳೆದು ಆಟಕ್ಕೆ ಹೋದ ಮೇಲೆಯೇ ನೀರು ಬಿಡುವುದೆಂದು ಮೇಡಂ ನಿಯಮ ಮಾಡಿದರು. ಮೈ ಸಿದ್ಧವಾದರೆ ಸಾಲದು, ಜಾಗದ ಹೆದರಿಕೆಯೂ ಹೋಗಬೇಕು ಎಂಬುದನ್ನು ನಾನು ಕಾಶವ್ವನಿಂದ ತಿಳಿದುಕೊಂಡೆ.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಸ್ವಲ್ಪ ಧೈರ್ಯ ಬಂದಿತ್ತು. ಎಂಥ ಮಗುವನ್ನು ತಂದರೂ ಆದೀತು ಎಂದುಕೊಂಡಿದ್ದೆ. ಆಗ ಬಂದವನು ಪ್ರಣೀತ.

ಎರಡೂವರೆ ವರ್ಷದ ಹುಡುಗ. ದುಂಡು ಮುಖ, ನೆಟ್ಟನೆ ನಿಲ್ಲುವ ಕೂದಲು. ಶಾರ್ಜಾದಲ್ಲಿ ಹುಟ್ಟಿದವನು. ತಂದೆ ಅಲ್ಲೇ ಉಳಿದು, ತಾಯಿ ಪ್ರತಿಮಾ ಮಗನನ್ನು ಕರೆದುಕೊಂಡು ಊರಿಗೆ ಬಂದಿದ್ದರು. ಮಣಿಪಾಲದ ಒಂದು ಲ್ಯಾಬಿನಲ್ಲಿ ಅವರಿಗೆ ಕೆಲಸ. ವಾರವೆಲ್ಲ ಮಣಿಪಾಲದ ಬಾಡಿಗೆ ಮನೆ, ರಜೆಯಲ್ಲಿ ಉಚ್ಚಿಲದ ಅತ್ತೆಯ ಮನೆ. ಉಡುಪಿಯ ಒಂದು ಶಾಲೆಯಲ್ಲಿ ಜೂನಿನಿಂದ ನರ್ಸರಿಗೆ ಸೀಟು ಸಿಕ್ಕಿತ್ತು. ಆದರೆ ಒಂದು ಶರತ್ತು: ಮಗು ಡಯಾಪರ್ ಇಲ್ಲದೆ ಬರಬೇಕು.

“ಜೂನ್‌ಗೆ ಆಗ್ತದಲ್ವಾ ಮೇಡಂ?” ಎಂದು ಪ್ರತಿಮಾ ಮೊದಲ ದಿನವೇ ಕೇಳಿದರು.

ಮೇಡಂ ಕ್ಯಾಲೆಂಡರ್ ನೋಡಿ, “ಆಗಬಹುದು. ಪ್ರಯತ್ನ ಮಾಡುವ,” ಎಂದರು. ಆಗಬಹುದು ಎಂದದ್ದು ಪ್ರತಿಮಾ ಅವರ ಕಿವಿಗೆ ಆಗುತ್ತದೆ ಎಂದು ಬಿದ್ದಿರಬೇಕು.

ನಾನು ಒಂದೆರಡು ವಾರ ಅವನನ್ನು ಸುಮ್ಮನೆ ಗಮನಿಸಿದೆ. ಮಧ್ಯಾಹ್ನ ಮಲಗಿ ಎದ್ದಾಗ ಡಯಾಪರ್ ಯಾವತ್ತೂ ಒಣಗಿರುತ್ತಿರಲಿಲ್ಲ. ತುಂಬಿ ಜೋತು ಬಿದ್ದರೂ ಅದರ ಪರಿವೆಯೇ ಇಲ್ಲದೆ ಲಾರಿ ಓಡಿಸುತ್ತಿದ್ದ. ಪಾಟಿಯ ಮೇಲೆ ಬೇರೆ ಮಕ್ಕಳು ಕುಳಿತರೆ ಅವನಿಗೆ ಕುತೂಹಲವೂ ಇಲ್ಲ. ಚಡ್ಡಿ ಎಳೆಯಲು ಹೋದರೆ ಎರಡೂ ಕೈಯಿಂದ ಹಿಡಿದುಕೊಳ್ಳುತ್ತಿದ್ದ. ದೇಶ ಹೊಸದು, ಮನೆ ಹೊಸದು, ನಾವು ಹೊಸಬರು, ಅಪ್ಪ ಫೋನಿನ ಒಳಗೆ ಮಾತ್ರ. ಅವನಿಗೆ ತನ್ನದು ಎಂದು ಉಳಿದಿದ್ದದ್ದು ಆ ಚಡ್ಡಿಯೊಂದೇ ಏನೋ ಅನ್ನಿಸುತ್ತಿತ್ತು ನನಗೆ.

ಮೇಡಂ ಹತ್ತಿರ ಹೇಳಿದೆ. ಅವರೂ ಅದನ್ನೇ ಕಂಡಿದ್ದರು. “ಸ್ವಲ್ಪ ದಿನ ನೋಡುವ ಜಲಜ,” ಎಂದರು.

ಆದರೆ ಪ್ರತಿಮಾ ಅವರಿಗೆ ನೋಡುವಷ್ಟು ಸಮಯ ಇರಲಿಲ್ಲ. ಏಪ್ರಿಲ್ ಬಂದಿತ್ತು. ರಜೆಗೆ ಉಚ್ಚಿಲಕ್ಕೆ ಹೋದಾಗಲೆಲ್ಲ ಅತ್ತೆ ಕೇಳುತ್ತಿದ್ದರಂತೆ: “ನನ್ನ ಮೂರು ಮಕ್ಕಳೂ ನಡೆಯಲು ಕಲಿಯುವ ಮೊದಲೇ ಹೇಳ್ತಿದ್ದರು. ನಿನ್ನ ಮಗನಿಗೆ ಎಂತ ಆಗಿದೆ?” ಶಾರ್ಜಾದಿಂದ ಗಂಡನೂ ಕೇಳುತ್ತಿದ್ದರು. ಪ್ರತಿಮಾ ಮನೆಯಲ್ಲಿ ಡಯಾಪರ್ ತೆಗೆದು ಬಿಸಾಡಿದರು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಅವನನ್ನು ಪಾಟಿಯ ಮೇಲೆ ಕೂರಿಸಿ, ಎದ್ದರೆ ಮತ್ತೆ ಕೂರಿಸಿ, ಮಾಡು ಮಾಡು ಎನ್ನುವುದು. ಅವನು ಅಳುವುದು. ಕೊನೆಗೆ ತಾಯಿಯೂ ಅಳುವುದು.

ಆಮೇಲೆ ಅವನು ಎರಡಕ್ಕೆ ಮಾಡುವುದನ್ನೇ ನಿಲ್ಲಿಸಿದ.

ಮೊದಲು ಕಂಡವಳು ರೇಣವ್ವ. “ಅಕ್ಕಾರ, ಪ್ರಣೀತಪ್ಪ ಚಪ್ಪಲಿ ಸ್ಟ್ಯಾಂಡಿನ ಹಿಂದ ನಿಂತು ಮುಕ್ಕರೀತಾನ ನೋಡ್ರಿ,” ಎಂದಳು. ಹೋಗಿ ನೋಡಿದೆ. ಕಿಟಕಿಯ ಸರಳು ಹಿಡಿದು, ತುದಿಗಾಲಲ್ಲಿ ನಿಂತು, ಕಾಲಿಗೆ ಕಾಲು ಕತ್ತರಿ ಹಾಕಿ, ಮುಖ ಕೆಂಪಗೆ ಮಾಡಿಕೊಂಡಿದ್ದ. ಹೊಸದಾಗಿ ನೋಡುವವರಿಗೆ ಮಗು ಮಾಡಲು ತಿಣುಕುತ್ತಿದೆ ಅನ್ನಿಸುತ್ತದೆ. ನೀವು ಇದೊಂದನ್ನು ಚೆನ್ನಾಗಿ ನೆನಪಿಡಿ: ಹಾಗೆ ನಿಂತ ಮಗು ಹೊರಗೆ ಹಾಕಲು ನೋಡುತ್ತಿಲ್ಲ, ಒಳಗೆ ಹಿಡಿದಿಡಲು ನೋಡುತ್ತಿದೆ. ಕೈ ಹಿಡಿದೆ. “ಬೇಡ ಅಕ್ಕ, ಬೇಡ,” ಎಂದ. ನಾನು ಇನ್ನೂ ಏನೂ ಹೇಳಿರಲಿಲ್ಲ.

ಆ ದಿನ ಅವನು ಊಟ ಮುಟ್ಟಲಿಲ್ಲ. ಹೊಟ್ಟೆ ಮುಟ್ಟಿದರೆ ಹಲಗೆಯಂತೆ ಗಟ್ಟಿ.

ಸಂಜೆ ಮೇಡಂ ಪ್ರತಿಮಾ ಅವರನ್ನು ಕೂರಿಸಿ ಮಾತಾಡಿದರು. ನಾನೂ ಇದ್ದೆ.

“ಪ್ರತಿಮಾ, ಅವನಿಗೆ ಡಯಾಪರ್ ಮತ್ತೆ ಹಾಕುವ. ನಾಳೆಯೇ ಡಾಕ್ಟರ್‌ಗೆ ತೋರಿಸಿ. ಅವನು ಈಗ ತಯಾರಿಲ್ಲ.”

“ನೀವೇ ಆಗ್ತದೆ ಅಂದಿದ್ದು ಮೇಡಂ.”

“ಹೌದು. ಕ್ಯಾಲೆಂಡರ್ ನೋಡಿ ಹೇಳಿದೆ. ಅವನನ್ನು ನೋಡಿ ಹೇಳಬೇಕಿತ್ತು.”

“ಸೀಟು ಹೋಗ್ತದೆ. ನಾನು ಮನೆಯವರಿಗೆಲ್ಲ ಎಂತ ಹೇಳುವುದು? ಮಗನಿಗೆ ಅಷ್ಟೂ ಕಲಿಸ್ಲಿಕ್ಕೆ ಆಗ್ಲಿಲ್ಲ ಅಂತಲಾ?” ಪ್ರತಿಮಾ ಅವರ ದನಿ ಏರಿತು. “ಅತ್ತೆಗೆ ಬೇಕಾದ್ದೂ ಅದೇ. ನಾನು ಕೆಲಸ ಬಿಡಬೇಕು ಅಂತ.”

ಮಗನನ್ನು ಎತ್ತಿಕೊಂಡು ಹೊರಟುಬಿಟ್ಟರು. ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಫೋನ್ ಮಾಡಿದರೆ, ಉಚ್ಚಿಲಕ್ಕೆ ಬಿಟ್ಟಿದ್ದೇನೆ, ಅತ್ತೆ ಒಂದು ವಾರದಲ್ಲಿ ಕಲಿಸಿ ಕೊಡ್ತಾರಂತೆ ಎಂದರು. ಡಾಕ್ಟರಿಗೆ ತೋರಿಸಿದಿರಾ ಎಂದು ಕೇಳುವಷ್ಟರಲ್ಲಿ ಫೋನ್ ಇಟ್ಟರು.

ನನಗೆ ಮನಸ್ಸು ತಡೆಯಲಿಲ್ಲ. ಆ ಗಟ್ಟಿ ಹೊಟ್ಟೆ ನನ್ನ ಅಂಗೈಯಲ್ಲೇ ಉಳಿದಿತ್ತು. ಕಾಪುವಿನ ನಮ್ಮ ಮನೆಯಿಂದ ಉಚ್ಚಿಲ ಏನು ಮಹಾ ದೂರ! ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆ. ಹೋಗಿ ಬರುತ್ತೇನೆ ಎಂದು ಮೇಡಂಗೆ ಹೇಳಿದ್ದೆ. “ನೀನು ಹೋಗಿ ಬುದ್ಧಿ ಹೇಳಬೇಡ. ಮಗುವನ್ನು ನೋಡಿ ಬಾ,” ಎಂದಿದ್ದರು.

ಹೆದ್ದಾರಿಯಿಂದ ಕಡಲ ಕಡೆಗೆ ಇಳಿಯುವ ದಾರಿಯಲ್ಲಿ ಅವರ ಮನೆ. ಗೇಟಿನಲ್ಲೇ ಅಳು ಕೇಳಿತು. ಪ್ರಣೀತನ ಅಜ್ಜಿ ಸುಂದರಿಯಮ್ಮ ಹಿತ್ತಿಲ ಜಗಲಿಯಲ್ಲಿ ಕಾಲು ಚಾಚಿ ಕುಳಿತಿದ್ದರು. ಅವರ ಪಾದಗಳ ಮೇಲೆ ಅವನು. ಕಮಲಕ್ಕ ಕೂರಿಸುತ್ತಿದ್ದ ಹಾಗೆಯೇ. ಆದರೆ ಎರಡೂವರೆ ವರ್ಷದ ಹುಡುಗನ ಉದ್ದದ ಕಾಲು ಎರಡೂ ಬದಿಗೆ ನೆಲ ಒರೆಸುತ್ತಿತ್ತು. ಅವನು ಬಿಲ್ಲಿನಂತೆ ಹಿಂದಕ್ಕೆ ಬಾಗಿ ಕಿರುಚುತ್ತಿದ್ದ. ಅವರು ಬೆವರಿ, ಬಾಯಿ ಒಣಗಿ, “ಸ್ಸ್ಸ್, ಸ್ಸ್ಸ್” ಎನ್ನುತ್ತಿದ್ದರು. ಒಳಗಿನ ಬಾಗಿಲಿಗೆ ಒರಗಿ ಪ್ರತಿಮಾ ನಿಂತಿದ್ದರು, ಕಣ್ಣು ಊದಿಸಿಕೊಂಡು.

ನನ್ನನ್ನು ಕಂಡದ್ದೇ ಅವನು ಜಾರಿಕೊಂಡು ಬಂದು ನನ್ನ ಕಾಲಿಗೆ ತೆಕ್ಕೆ ಹಾಕಿದ. ಸುಂದರಿಯಮ್ಮ ತಲೆ ಎತ್ತಿ “ಬಲೆ, ಕುಲ್ಲುಲೆ,” ಎಂದು ತುಳುವಿನಲ್ಲಿ ಕೂರಲು ಹೇಳಿದರು. ಅವರಿಗೆ ನಾಚಿಕೆಯಾದಂತಿತ್ತು. ಆಮೇಲಿನ ನಮ್ಮ ಮಾತೆಲ್ಲ ತುಳುವಿನಲ್ಲೇ ನಡೆಯಿತು.

“ನನ್ನ ಕೈಯಲ್ಲಿ ಆಗುವುದಿಲ್ಲ ಅಂತ ಇಲ್ಲ ಮಗಾ. ಮೂರು ಮಕ್ಕಳಿಗೆ ಮಾಡಿದ್ದೇನೆ.”

ಬುದ್ಧಿ ಹೇಳಬೇಡ ಎಂದು ಮೇಡಂ ಹೇಳಿದ್ದು ನೆನಪಿತ್ತು. “ಹೇಗೆ ಮಾಡಿದ್ದು ಅಮ್ಮ? ಆಗ ನೀವು ಎಲ್ಲಿದ್ದಿರಿ?” ಎಂದು ಮಾತ್ರ ಕೇಳಿದೆ.

ಕೇಳಿದ್ದೇ ತಡ, ಅವರ ಮುಖ ಬೇರೆಯಾಯಿತು. ಮೀನಿನ ಬುಟ್ಟಿ ಹೊತ್ತು ಪೇಟೆಗೆ ಹೋಗುತ್ತಿದ್ದ ಕಾಲವನ್ನು ಹೇಳಿದರು. ಮನೆಯಲ್ಲಿ ಮಗುವನ್ನು ಬಿಟ್ಟು ಹೋಗಲು ಯಾರೂ ಇರಲಿಲ್ಲ. ಸೊಂಟಕ್ಕೆ ಕಟ್ಟಿಕೊಂಡೇ ಹೋಗುವುದು, ಪಕ್ಕದಲ್ಲಿ ಗೋಣಿ ಹಾಸಿ ಮಲಗಿಸಿಕೊಂಡೇ ಮೀನು ಮಾರುವುದು.

“ಗಿರಾಕಿ ಎದುರಿಗೆ ಇದ್ದರೂ ನನ್ನ ಸೊಂಟದಲ್ಲಿ ಮಗುವಿನ ಮೈ ಸ್ವಲ್ಪ ಬಿಗಿಯಾದರೆ ಸಾಕು, ನನಗೆ ಗೊತ್ತಾಗುತ್ತಿತ್ತು. ಹಾಗೇ ಎದ್ದು ಹಿಂದಿನ ಗದ್ದೆಗೆ ಓಡುತ್ತಿದ್ದೆ. ಬೆಕ್ಕು ಮೀನು ಕೊಂಡುಹೋದ ದಿನವೂ ಉಂಟು.” ನಕ್ಕರು. “ಒಂದು ದಿನವೂ ನನ್ನ ಸೀರೆ ಒದ್ದೆಯಾಗಲಿಲ್ಲ.”

“ಹಾಗಾದರೆ ಆ ಮಕ್ಕಳು ಹೇಳುತ್ತಿದ್ದರಾ ಅಮ್ಮ?”

“ಎಲ್ಲಿ ಹೇಳುವುದು? ಮಾತೇ ಬರುತ್ತಿರಲಿಲ್ಲ. ನನಗೇ...” ಎಂದವರು ಅಲ್ಲಿಗೆ ನಿಂತರು. ಆಮೇಲೆ ನಿಧಾನವಾಗಿ ಹೇಳಿದರು: “ಕಲಿತದ್ದು ನಾನಲ್ಲವಾ ಹಾಗಾದರೆ. ಅವರಲ್ಲ.”

ಪ್ರತಿಮಾ ಬಾಗಿಲಲ್ಲಿ ಅಲುಗಾಡದೆ ನಿಂತಿದ್ದರು.

“ಇವಳು ಎಲ್ಲಿಂದ ಕಲಿಯುವುದು?” ಎಂದು ಸುಂದರಿಯಮ್ಮ ಸೊಸೆಯನ್ನು ನೋಡಿದರು. “ಬೆಳಕು ಹರಿಯುವಾಗ ಹೋಗುತ್ತಾಳೆ, ದೀಪ ಹಚ್ಚುವಾಗ ಬರುತ್ತಾಳೆ. ನನ್ನ ಹಾಗೆ ಸೊಂಟದಲ್ಲಿ ಕಟ್ಟಿಕೊಂಡು ಹೋಗಲು ಲ್ಯಾಬಿನಲ್ಲಿ ಬಿಡುತ್ತಾರಾ?” ಆಮೇಲೆ ಮೊಮ್ಮಗನ ಹೊಟ್ಟೆಯ ಮೇಲೆ ಕೈಯಿಟ್ಟರು. ಅಷ್ಟು ದಿನವೂ ಇಟ್ಟಿರಬೇಕು. ಆದರೆ ಆಗ ಇಟ್ಟ ಕೈ ಬೇರೆ. “ಪ್ರತಿಮಾ, ಇದು ಕಲ್ಲಿನ ಹಾಗೆ ಉಂಟು. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗುವ. ನಾನೂ ಬರುತ್ತೇನೆ.”

“ಸೀಟು, ಅತ್ತೆ?”

“ಹೋಗಲಿ. ಶಾಲೆ ಎಲ್ಲಿಗೂ ಓಡಿಹೋಗುವುದಿಲ್ಲ.”

ಪ್ರತಿಮಾ ಅಲ್ಲಿಯೇ ಹೊಸ್ತಿಲ ಮೇಲೆ ಕುಸಿದು ಕುಳಿತು ಜೋರಾಗಿ ಅತ್ತರು. ಮಗ ನನ್ನ ಕಾಲು ಬಿಟ್ಟು ತಾಯಿಯ ಹತ್ತಿರ ಹೋಗಿ, ಅವರ ಮುಖವನ್ನು ಎರಡೂ ಕೈಯಿಂದ ಹಿಡಿದು ನೋಡಿದ. ತಾನೇನೋ ಮಾಡಿಬಿಟ್ಟೆ ಎಂಬ ಹೆದರಿಕೆ ಅವನ ಕಣ್ಣಲ್ಲಿತ್ತು. ಆ ವಯಸ್ಸಿಗೆ ಅಂಥ ಹೆದರಿಕೆಯನ್ನು ನಾನು ಮತ್ತೆಲ್ಲೂ ನೋಡಲಿಲ್ಲ, ನೋಡುವುದೂ ಬೇಡ.

ಡಾಕ್ಟರ್ ಒಳ್ಳೆಯವರು. ಬೈಯಲಿಲ್ಲ. ಹಿಡಿದು ಹಿಡಿದು ಒಳಗೇ ಗಟ್ಟಿಯಾಗಿದೆ, ಒಮ್ಮೆ ನೋವಾದ ಮೇಲೆ ಹೆದರಿ ಇನ್ನಷ್ಟು ಹಿಡಿಯುತ್ತಾನೆ ಎಂದು ವಿವರಿಸಿ, ಮೆತ್ತಗಾಗಲು ಔಷಧಿ ಕೊಟ್ಟರಂತೆ. ಡಯಾಪರ್ ಹಾಕಿ, ಪಾಟಿಯ ವಿಷಯವನ್ನೇ ಎತ್ತಬೇಡಿ, ನೋವು ಅವನಿಗೆ ಮರೆತುಹೋಗಲಿ ಎಂದರಂತೆ. ಶಾರ್ಜಾದಿಂದ ಮಗ ಫೋನಿನಲ್ಲಿ ಶಾಲೆಯ ಮಾತು ತೆಗೆದಾಗ ಸುಂದರಿಯಮ್ಮ ಸೊಸೆಯ ಕೈಯಿಂದ ಫೋನ್ ಕಿತ್ತುಕೊಂಡು, “ನಿನಗೆ ಅಷ್ಟು ಅವಸರ ಇದ್ದರೆ ನೀನೇ ಬಂದು ಕೂರು,” ಎಂದರೆಂದು ಪ್ರತಿಮಾ ನನಗೆ ಹೇಳಿದರು. ಹೇಳುವಾಗ ಅವರ ಮುಖದಲ್ಲಿ ಬಹಳ ದಿನಗಳ ಮೇಲೆ ನಗು ಕಂಡೆ.

ಪ್ರಣೀತ ನಮ್ಮಲ್ಲಿಗೆ ವಾಪಸ್ ಬಂದ. ಜೂನ್ ಬಂತು, ಸೀಟು ಬೇರೆ ಮಗುವಿಗೆ ಹೋಯಿತು. ಮಳೆ ಹಿಡಿಯಿತು.

ಕಾಯುವುದು ಎಂದರೆ ಸುಮ್ಮನೆ ಕೂರುವುದು ಎಂದು ತಿಳಿಯಬೇಡಿ. ಬಟನ್ ಇರುವ ಚಡ್ಡಿ ಬೇಡ, ಸುಲಭಕ್ಕೆ ಎಳೆಯಲಾಗುವ ಇಲಾಸ್ಟಿಕ್ ಚಡ್ಡಿಯೇ ಹಾಕಿ ಎಂದು ಪ್ರತಿಮಾ ಅವರಿಗೆ ಮೇಡಂ ಹೇಳಿದರು. ಡಯಾಪರ್ ಬದಲಿಸುವಾಗಲೆಲ್ಲ ನಾನು “ಒದ್ದೆ ಉಂಟು, ನೋಡು”, “ಒಣಗಿದೆ, ನೋಡು” ಎಂದು ಹವಾಮಾನ ಹೇಳುವವಳ ಹಾಗೆ ಹೇಳುತ್ತಿದ್ದೆ, ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಪಾಟಿಯೊಂದನ್ನು ಮೂಲೆಯಲ್ಲಿಟ್ಟು, ಅದರ ಕಡೆ ಯಾರೂ ನೋಡದಂತೆ ಇದ್ದೆವು. ಒಂದು ದಿನ ಅವನು ತನ್ನ ಲಾರಿಯನ್ನು ಅದರ ಮೇಲೆ ನಿಲ್ಲಿಸಿದ. ಲಾರಿಗೆ ಒಂದಕ್ಕೆ ಬಂದಿದೆ ಎಂದ. ನಾನು “ಹೌದಾ” ಎಂದಷ್ಟೇ ಹೇಳಿ ಬಟ್ಟೆ ಮಡಚುತ್ತಾ ಕುಳಿತೆ. ಒಳಗೆ ಎದೆ ಕುಣಿಯುತ್ತಿತ್ತು.

ಆಮೇಲೆ ಒಂದೊಂದೇ ಬಂತು. ಮಲಗಿ ಎದ್ದಾಗ ಡಯಾಪರ್ ಒಣಗಿರುವುದು. ಒದ್ದೆಯಾದರೆ ಎಳೆದು ತೆಗೆಯಲು ನೋಡುವುದು. ಮೊದಲು, ಆದ ಮೇಲೆ ಬಂದು “ಆಯ್ತು” ಎನ್ನುವುದು. ಕೆಲವು ವಾರಗಳ ನಂತರ, ಆಗುತ್ತಿರುವಾಗ ನಿಂತು ಕೆಳಗೆ ನೋಡಿ “ಆಗ್ತಾ ಉಂಟು” ಎನ್ನುವುದು. ಆಯ್ತು ಎಂಬುದು ಆಗ್ತಾ ಉಂಟು ಎಂದಾದರೆ, ಆಗ್ತದೆ ಎನ್ನುವ ದಿನ ದೂರವಿಲ್ಲ ಎಂದು ಮೇಡಂ ಹೇಳುತ್ತಿದ್ದರು, ವ್ಯಾಕರಣ ಕಲಿಸಿದವರಲ್ಲವೇ. ಡಯಾಪರ್ ತೆಗೆದು ಬರೀ ಚಡ್ಡಿ ಹಾಕಿದೆವು. ರೇಣವ್ವನ ಒರೆಸುವ ಬಟ್ಟೆಗೆ ಕೆಲಸ ಹೆಚ್ಚಾಯಿತು. ಅವಳು ಒಂದು ದಿನವೂ ಗೊಣಗಲಿಲ್ಲ. “ಹರೀಲಿ ಬಿಡ್ರಿ, ಹೊಳಿ ಅಲ್ಲಲ್ಲ,” ಎನ್ನುತ್ತಿದ್ದಳು.

ಆದರೆ ಎರಡಕ್ಕೆ ಮಾತ್ರ ಅವನು ಡಯಾಪರ್ ಕೇಳುತ್ತಿದ್ದ. ಹಾಕಿ ಕೊಡುತ್ತಿದ್ದೆವು. ಚಪ್ಪಲಿ ಸ್ಟ್ಯಾಂಡಿನ ಹಿಂದೆ ಹೋಗಿ ಮುಗಿಸಿ ಬರುತ್ತಿದ್ದ. ಇದೆಂಥ ಅಭ್ಯಾಸ ಎಂದು ನನಗೇ ಸಂಶಯ ಬಂದದ್ದುಂಟು. “ಹೊಟ್ಟೆ ಮೆತ್ತಗಿದೆ, ಹೆದರದೆ ಮಾಡ್ತಾನೆ. ಉಳಿದದ್ದು ಅವನಿಗೆ ಬಿಟ್ಟದ್ದು,” ಎಂದು ಮೇಡಂ ನಿಶ್ಚಿಂತೆಯಿಂದ ಇದ್ದರು. ಅವರ ನಿಶ್ಚಿಂತೆಯನ್ನು ನೆನೆದು ಆಮೇಲೆ ನಾನು ಎಷ್ಟೋ ತಾಯಂದಿರಿಗೆ ಧೈರ್ಯ ಹೇಳಿದ್ದೇನೆ.

ಮಳೆ ನಿಂತು ಬಿಸಿಲು ಬಂದ ಒಂದು ದಿನ. ಮಕ್ಕಳೆಲ್ಲ ಹಿತ್ತಿಲಲ್ಲಿ ಒದ್ದೆ ಮಣ್ಣು ಕಲಸುತ್ತಿದ್ದರು. ಪ್ರಣೀತ ಎದ್ದು ಒಳಗೆ ನಡೆದ. ಡಯಾಪರ್ ಕೇಳಲು ಬಂದನೆಂದು ನಾನು ಕಪಾಟಿನ ಕಡೆ ಹೋದೆ. ಅವನು ನನ್ನನ್ನು ದಾಟಿ ನೇರ ಬಚ್ಚಲಿಗೆ ಹೋದ. ಹಿಂದೆಯೇ ಹೋದೆ. ಚಿಕ್ಕ ಕಮೋಡಿನ ಎದುರು ನಿಂತು, ಚಡ್ಡಿ ಕೆಳಗೆ ಎಳೆದು, ಹತ್ತಿ ಕುಳಿತ. ಮಣ್ಣಿನ ಕೈಯಿಂದ ಎರಡೂ ಬದಿ ಗಟ್ಟಿಯಾಗಿ ಹಿಡಿದುಕೊಂಡ. ಆಮೇಲೆ ನನ್ನನ್ನು ನೋಡಿದ.

“ಅಕ್ಕ, ನೀವು ಹೊರಗೆ ಹೋಗಿ.”

“ನಾನು ಇಲ್ಲೇ ನಿಲ್ತೇನೆ ಮಗಾ, ಬೀಳ್ತಿ.”

“ಹೋಗಿ. ಬಾಗಿಲು ಹಾಕಿ.”

ಬಾಗಿಲು ಎಳೆದುಕೊಂಡು ಹೊರಗೆ ನಿಂತೆ. ಮೇಡಂ ಎದುರಿನ ಕೋಣೆಯಿಂದ ಏನು ಎಂಬಂತೆ ಕೈ ಮಾಡಿದರು. ಬಾಯಿಗೆ ಬೆರಳಿಟ್ಟು ತೋರಿಸಿದೆ. ಅವರು ಇದ್ದಲ್ಲೇ ನಿಂತರು. ರೇಣವ್ವ ಬಕೆಟ್ ಕೆಳಗಿಡಲೂ ಹೆದರಿ ಹಿಡಿದೇ ನಿಂತಳು. ಒಳಗೆ ಅವನು ಏನೋ ಹಾಡಿಕೊಳ್ಳುತ್ತಿದ್ದ. ಹಾಡು ನಿಂತಿತು. ನಾವು ಮೂವರೂ ಉಸಿರು ಬಿಡಲಿಲ್ಲ. ಆಮೇಲೆ ಹಾಡು ಮತ್ತೆ ಶುರುವಾಯಿತು, ಮೊದಲಿಗಿಂತ ದೊಡ್ಡದಾಗಿ.

“ಅಕ್ಕಾ, ತೊಳೀರಿ!”

ತೊಳೆದೆ. ಚಪ್ಪಾಳೆ ತಟ್ಟಲಿಲ್ಲ. ಚಡ್ಡಿ ಏರಿಸಿಕೊಂಡು, ಕೈ ತೊಳೆದು, ಮತ್ತೆ ಮಣ್ಣಿಗೆ ಓಡಿದ. ಬೇಸಗೆಯಲ್ಲಿ ನಮ್ಮನ್ನೆಲ್ಲ ಅಳಿಸಿದ ಸಂಗತಿ ಅವನಿಗೆ ಮಣ್ಣು ಕಲಸುವುದರ ನಡುವಿನ ಒಂದು ಚಿಕ್ಕ ಅಡಚಣೆಯಾಗಿತ್ತು ಅಷ್ಟೇ. ರೇಣವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, “ಮಣ್ಣು ಮಾಡ್ಯಾನ್ರಿ ಎಲ್ಲಾ ಕಡೆ,” ಎಂದು ಕಮೋಡು ಉಜ್ಜಲು ಹೋದಳು.

ಸಂಜೆ ಪ್ರತಿಮಾ ಸ್ಕೂಟರಿನಲ್ಲಿ ಬಂದಾಗ ಗೇಟಿನಲ್ಲೇ ಹೇಳಿದೆ. ಅವರು ಹೆಲ್ಮೆಟ್ ತೆಗೆಯುವುದನ್ನೂ ಮರೆತು ಮಗನ ಎದುರು ಕುಕ್ಕುರುಗಾಲಿನಲ್ಲಿ ಕುಳಿತು, “ಪಚ್ಚು, ಇವತ್ತು ಎಂತ ಮಾಡಿದಿ?” ಎಂದು ಕೇಳಿದರು.

“ಮಣ್ಣಿನ ಇಡ್ಲಿ,” ಎಂದ ಅವನು.

ಪ್ರತಿಮಾ ನಗುತ್ತಾ, ಹೆಲ್ಮೆಟಿನ ಒಳಗೇ ಅಳುತ್ತಾ, ಉಚ್ಚಿಲಕ್ಕೆ ಫೋನ್ ಮಾಡಿದರು. ಕಿವಿಯ ಹತ್ತಿರ ಇಡಲು ಆಗದೆ ಸ್ಪೀಕರ್ ಹಾಕಿದರು. ಸಂಗತಿ ಹೇಳಿದ ಮೇಲೆ ಆ ಕಡೆ ಹೆದ್ದಾರಿಯಲ್ಲಿ ಬಸ್ಸು ಹೋದ ಸದ್ದು ಕೇಳಿತು. ಆಮೇಲೆ ಸುಂದರಿಯಮ್ಮನ ದೊಡ್ಡ ದನಿ ಬಂತು.

“ಹಾಗಾದರೆ ಹೊಟ್ಟೆ ಖಾಲಿಯಾಗಿರ್ತದೆ ಹುಡುಗನಿಗೆ. ರಸ್ತೆಯಲ್ಲಿ ನಿಂತು ಎಂತ ಮಾತಾಡ್ತಿ? ಮೊದಲು ಏನಾದರೂ ತಿನ್ನಲು ಕೊಡು!”

ಪ್ರತಿಮಾ ಬ್ಯಾಗಿನಿಂದ ಬನ್ನಿನ ಪೊಟ್ಟಣ ತೆಗೆದರು. ಅವನು ಸ್ಕೂಟರಿನ ಮುಂದೆ ನಿಂತು, ಎರಡೂ ಕೈಯಲ್ಲಿ ಹಿಡಿದು ತಿನ್ನತೊಡಗಿದ. ಒಂದು ಮುಗಿಸಿ ಇನ್ನೊಂದಕ್ಕೆ ಕೈ ಚಾಚಿದ. ಅವನು ತಿನ್ನುವುದನ್ನೇ ನೋಡುತ್ತಾ ನಾವಿಬ್ಬರೂ ಗೇಟಿನ ಹತ್ತಿರ ನಿಂತಿದ್ದೆವು.